ಜೀಪಿನ ಜೀರ್ಣೋದ್ಧಾರ: ಒಂದು ವಿವೇಚನೆ

ನಮ್ಮ ನಾಡಿನ ಶಿಲಾಶಾಸನಗಳನ್ನು ಓದಿದವರಿಗೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತು ಅಪರಿಚಿತವಲ್ಲ. ದೇಗುಲಕ್ಕೋ ಬಸದಿಗೋ ಭೂಮಿಯನ್ನು ದತ್ತಿ ಬಿಡುವಾಗ ಪೂಜೆ, ನೈವೇದ್ಯ, ಆಹಾರದಾನಗಳ ಜೊತೆಯಲ್ಲಿ ಈ ಮಾತೂ ಅನೇಕ ಕಡೆ ಸೇರಿರುತ್ತದೆ. ಖಂಡವೆಂದರೆ ಮುರಿದದ್ದು, ಸ್ಫುಟಿತವೆಂದರೆ ಬಿರಿದದ್ದು, ಜೀರ್ಣವೆಂದರೆ ಕಾಲವಶದಿಂದ ಸವೆದು ಶಿಥಿಲವಾದದ್ದು. ಉದ್ಧಾರವೆಂದರೆ ಮೇಲಕ್ಕೆತ್ತುವುದು. ಕಟ್ಟಿದ ವಸ್ತು ಮುರಿಯುತ್ತದೆ, ಬಿರಿಯುತ್ತದೆ, ಸವೆಯುತ್ತದೆ ಎಂಬುದನ್ನು ಆ ಹಿರಿಯರು ಮೊದಲೇ ತಿಳಿದಿದ್ದರು. ಆದುದರಿಂದಲೇ ಒಮ್ಮೆ ಹಣ ಕೊಟ್ಟು ಕೈತೊಳೆದುಕೊಳ್ಳದೆ, ವರ್ಷವರ್ಷವೂ ಬೆಳೆ ಕೊಡುವ ಭೂಮಿಯನ್ನು ಬಿಟ್ಟರು.

ಈ ಮಾತನ್ನು ಇಲ್ಲಿ ನೆನೆಯುವುದಕ್ಕೆ ಕಾರಣವುಂಟು. ಕಳೆದ ವರ್ಷ ಮಳೆಗಾಲ ತೀರಿದ ಮೇಲೆ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬರು ಭೇಟಿಗೆ ಬಂದಿದ್ದರು. ಮಲೆನಾಡಿನ ತೋಟಗಾರರ ಮನೆತನದವರು. ಅವರ ತಂದೆಯವರು ೧೯೭೨ರಲ್ಲಿ ಕೊಂಡ ಪೆಟ್ರೋಲ್ ಜೀಪೊಂದು ಕೊಟ್ಟಿಗೆಯ ಪಕ್ಕದ ಮಾಡಿನಲ್ಲಿ ಆರು ವರ್ಷಗಳಿಂದ ನಿಂತುಹೋಗಿದೆ. ಆ ಜೀಪಿನಲ್ಲಿ ಅಡಕೆಯ ಮೂಟೆ ಹೋಗಿದೆ; ಮದುವೆಯ ದಿಬ್ಬಣ ಹೋಗಿದೆ; ಊರಿನ ಬಸುರಿಯರು ಹಳ್ಳ ದಾಟಿ ಆಸ್ಪತ್ರೆ ಸೇರಿದ್ದಾರೆ. ಈಗ ಮನೆಯಲ್ಲಿ ವೃದ್ಧ ತಾಯಿಯನ್ನು ತಿಂಗಳಿಗೆರಡು ಬಾರಿ ಪೇಟೆಯ ವೈದ್ಯರ ಬಳಿಗೆ ಒಯ್ಯಬೇಕು. ಮಗಳು ದಿನವೂ ಶಾಲೆಗೆ ಹೋಗಬೇಕು. ನಡುವೆ ಮೂರು ಮೈಲಿ ಮಣ್ಣಿನ ಏರುದಾರಿ. ಕೈಯಲ್ಲಿರುವ ಹಣವೋ ಒಂದೇ ಕಾರ್ಯಕ್ಕೆ ಸಾಕಾಗುವಷ್ಟು. ತಂದೆಯ ಜೀಪನ್ನು ಸರಿಪಡಿಸುವುದೋ, ಹೊಸತನ್ನು ಕೊಳ್ಳುವುದೋ? “ಮೆಕ್ಯಾನಿಕ್ಕು ಸರಿಮಾಡೋಣ ಎನ್ನುತ್ತಾನೆ, ಬ್ಯಾಂಕಿನವರು ಹೊಸದು ಕೊಳ್ಳಿ ಎನ್ನುತ್ತಾರೆ. ತಾವು ಯಾವುದನ್ನೂ ಮಾರುವವರಲ್ಲ, ತಾವೇ ಹೇಳಿ” ಎಂದರು. ಯಂತ್ರಶಾಸ್ತ್ರ ನನ್ನ ಅಭ್ಯಾಸದ ವಿಷಯವಲ್ಲ. ಆದರೂ ಬಲ್ಲವರನ್ನು ಕೇಳಿ, ಜೀಪಿನ ಅಡಿಯಲ್ಲಿ ಅವರೊಡನೆ ಬಗ್ಗಿ ನೋಡಿ, ನಾನು ಗ್ರಹಿಸಿದುದನ್ನು ಇಲ್ಲಿ ಕ್ರಮವಾಗಿ ನಿರೂಪಿಸುತ್ತೇನೆ. ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿಯೂ ದಾನಿಗಳಲ್ಲಿಯೂ ಇಂಥ ಜೀಪು ನಿಂತಿರುವ ಮನೆಗಳು ಅನೇಕವಿರುವುದರಿಂದ ಇದು ಒಬ್ಬರ ಪ್ರಶ್ನೆಯಲ್ಲ.

ಮೊದಲು ವಸ್ತುವಿನ ಪೂರ್ವೋತ್ತರ. ಎರಡನೆಯ ಮಹಾಯುದ್ಧದ ಕಾಲದಲ್ಲಿ, ೧೯೪೧ರಿಂದ ೧೯೪೫ರ ವರೆಗೆ, ಅಮೆರಿಕದ ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳು ಒಂದೇ ವಿನ್ಯಾಸದ ಆರು ಲಕ್ಷಕ್ಕೂ ಮಿಕ್ಕಿದ ಜೀಪುಗಳನ್ನು ಸೈನ್ಯಕ್ಕಾಗಿ ತಯಾರಿಸಿದವು. ಯುದ್ಧ ಮುಗಿದ ಬಳಿಕ ವಿಲ್ಲಿಸ್ ಕಂಪನಿ ರೈತರ ಉಪಯೋಗಕ್ಕೆಂದು ಅದೇ ವಾಹನವನ್ನು ಮಾರ್ಪಡಿಸಿತು. ಭಾರತದಲ್ಲಿ ಮಹೀಂದ್ರ ಸಂಸ್ಥೆ ೧೯೪೭ರಿಂದ ಅದರ ಭಾಗಗಳನ್ನು ತರಿಸಿ ಜೋಡಿಸತೊಡಗಿ, ಕ್ರಮೇಣ ಇಲ್ಲಿಯೇ ತಯಾರಿಸಿತು. ನಮ್ಮ ತೋಟಗಳಲ್ಲಿ ಕಾಣುವ ಎತ್ತರ ಮೂತಿಯ ಜೀಪು ೧೯೫೩ರಲ್ಲಿ ಅಮೆರಿಕದಲ್ಲಿ ಹೊರಬಂದ ‘ಸಿಜೆ-೩ಬಿ’ ಎಂಬ ಮಾದರಿ. ಅದರ ೨.೨ ಲೀಟರಿನ ಎಂಜಿನ್ನಿನಲ್ಲಿ ಒಳಸೇರುವ ಕವಾಟಗಳನ್ನು ಮೇಲುಭಾಗದಲ್ಲಿ ಇರಿಸಿದುದರಿಂದ ಎಂಜಿನ್ನು ಎತ್ತರವಾಯಿತು. ಅದನ್ನು ಮುಚ್ಚಲು ಮೂತಿಯನ್ನೂ ಎತ್ತರಿಸಬೇಕಾಯಿತು. ರೂಪಕ್ಕೆ ಕಾರಣ ಉಪಯೋಗವೇ ಹೊರತು ಅಲಂಕಾರವಲ್ಲ.

ಈ ವಾಹನದ ಮಹತ್ವ ಅದರ ನಾಲ್ಕು ಚಕ್ರಗಳ ಚಾಲನೆಯಲ್ಲಿದೆ. ಸಾಮಾನ್ಯ ಕಾರಿನಲ್ಲಿ ಎಂಜಿನ್ನಿನ ಬಲ ಎರಡು ಚಕ್ರಗಳಿಗೆ ಮಾತ್ರ ಹೋಗುತ್ತದೆ. ಅವು ಕೆಸರಿನಲ್ಲಿ ಜಾರಿದರೆ ವಾಹನ ನಿಂತಿತು. ಜೀಪಿನಲ್ಲಿ ಗೇರುಪೆಟ್ಟಿಗೆಯ ಹಿಂದೆ ಇನ್ನೊಂದು ಪೆಟ್ಟಿಗೆಯಿದ್ದು, ಸನ್ನೆಯನ್ನು ಎಳೆದೊಡನೆ ಮುಂದಿನ ಚಕ್ರಗಳಿಗೂ ಬಲ ಹಂಚಿಕೆಯಾಗುತ್ತದೆ. ಅದೇ ಪೆಟ್ಟಿಗೆಯ ಇಳಿಗತಿಯಲ್ಲಿ ವೇಗ ತಗ್ಗಿ, ಎಳೆಯುವ ಶಕ್ತಿ ಸುಮಾರು ಎರಡೂವರೆ ಪಟ್ಟಾಗುತ್ತದೆ. ಕಡಿದಾದ ಇಳಿಜಾರಿನಲ್ಲಿ ಬ್ರೇಕಿಗಿಂತಲೂ ಈ ಇಳಿಗತಿಯೇ ರಕ್ಷೆ. ಆದರೆ ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಕ್ರಮಿಸುತ್ತವೆ. ಗಟ್ಟಿ ನೆಲದಲ್ಲಿ ಜಾರಲು ಅವಕಾಶವಿಲ್ಲದೆ ಯಂತ್ರದ ಒಳಗೆ ತಿರುಚು ಉಂಟಾಗುತ್ತದೆ. ಆದುದರಿಂದ ಒಣಗಿದ ಡಾಂಬರು ರಸ್ತೆಯಲ್ಲಿ ನಾಲ್ಕು ಚಕ್ರಗಳ ಚಾಲನೆಯನ್ನು ಹಾಕತಕ್ಕದ್ದಲ್ಲ. ಇದನ್ನು ಅರಿಯದೆ ಕೆಡಿಸಿದ ಪೆಟ್ಟಿಗೆಗಳು ಹಲವು. ಹಳೆಯ ಜೀಪನ್ನು ಪರೀಕ್ಷಿಸುವಾಗ ಅದನ್ನು ಯಾರು, ಹೇಗೆ ನಡೆಸಿದರೆಂದು ಮೊದಲು ವಿಚಾರಿಸಬೇಕಾದದ್ದು ಇದಕ್ಕಾಗಿಯೇ.

ಇನ್ನು ಪರೀಕ್ಷೆಯ ಕ್ರಮ. ಇಲ್ಲಿ ಶಾಸನದ ಮೂರು ಪದಗಳು ನಮಗೆ ದಾರಿ ತೋರುತ್ತವೆ.

‘ಖಂಡ’ ಎಂಬುದು ಬಿಡಿಭಾಗಗಳಿಗೆ ಸಲ್ಲುವ ಮಾತು. ದೀಪ, ತಂತಿ, ಬೇರಿಂಗು, ಪಟ್ಟಿಸ್ಪ್ರಿಂಗು, ಬ್ರೇಕಿನ ಪಾದುಕೆ ಮುಂತಾದವು ಮುರಿದಿದ್ದರೆ ಚಿಂತೆಯಿಲ್ಲ. ಈ ಮಾದರಿಗಳು ದೇಶದಲ್ಲಿ ದಶಕಗಳ ಕಾಲ ತಯಾರಾದುದರಿಂದ ಭಾಗಗಳು ಇಂದಿಗೂ ದೊರೆಯುತ್ತವೆ. ‘ಸ್ಫುಟಿತ’ ಎಂಬುದಕ್ಕೆ ವಿಚಾರ ಬೇಕು. ಎಂಜಿನ್ನಿನ ಎರಕದಲ್ಲಿ ಬಿರುಕಿದೆಯೇ, ಸಿಲಿಂಡರು ಎಷ್ಟು ಸವೆದಿದೆ, ಹಿಂದೆ ಎಷ್ಟು ಬಾರಿ ಕೊರೆಸಿ ದೊಡ್ಡ ಪಿಸ್ಟನ್ನು ಹಾಕಿಸಿದ್ದಾರೆ, ಮತ್ತೊಮ್ಮೆ ಕೊರೆಯಲು ಲೋಹ ಉಳಿದಿದೆಯೇ ಎಂಬುದನ್ನು ಅಳೆದು ನೋಡಬೇಕು. ಹೊಗೆಯೂ ಮಾತಾಡುತ್ತದೆ: ನೀಲಿ ಹೊಗೆ ಬಂದರೆ ಎಣ್ಣೆ ಉರಿಯುತ್ತಿದೆ, ಎಂಜಿನ್ನು ಕಾದ ಮೇಲೂ ದಟ್ಟವಾದ ಬಿಳಿ ಹೊಗೆ ನಿಲ್ಲದಿದ್ದರೆ ನೀರು ಒಳಸೇರಿದೆ, ಕಪ್ಪು ಹೊಗೆಯಾದರೆ ಇಂಧನ ಮಿತಿಮೀರಿದೆ. ಇವುಗಳಿಗೆಲ್ಲ ಚಿಕಿತ್ಸೆಯುಂಟು, ವೆಚ್ಚ ಮಾತ್ರ ಅಧಿಕ.

‘ಜೀರ್ಣ’ವೇ ನಿರ್ಣಾಯಕವಾದದ್ದು. ಜೀಪಿನ ದೇಹವನ್ನೂ ಎಂಜಿನ್ನನ್ನೂ ಹೊತ್ತ ಉದ್ದನೆಯ ಉಕ್ಕಿನ ಚೌಕಟ್ಟನ್ನು ಚಾಸಿ ಎನ್ನುತ್ತಾರೆ. ಅದು ವಾಹನದ ಬೆನ್ನೆಲುಬು. ಆಗುಂಬೆಯಂಥ ಕಡೆ ವರ್ಷಕ್ಕೆ ೭೦೦೦ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಮಲೆನಾಡಿನಲ್ಲಿ ತುಕ್ಕು ಈ ಬೆನ್ನೆಲುಬನ್ನು ಒಳಗಿನಿಂದ ತಿನ್ನುತ್ತದೆ. ಹೊರಗೆ ಬಣ್ಣ ಬಳಿದು ಮುಚ್ಚಿದ್ದರೆ ಕಣ್ಣಿಗೆ ಕಾಣದು. ಸ್ಪ್ರಿಂಗುಗಳನ್ನು ತೂಗುಹಾಕಿದ ಕೊಂಡಿಗಳ ಬಳಿ, ಹಿಂದಿನ ಅಡ್ಡಪಟ್ಟಿಯಲ್ಲಿ, ದೇಹ ಚಾಸಿಯ ಮೇಲೆ ಕೂರುವ ಎಡೆಗಳಲ್ಲಿ ಸಣ್ಣ ಸುತ್ತಿಗೆಯಿಂದ ತಟ್ಟಿ ನೋಡಬೇಕು. ಗಟ್ಟಿ ಉಕ್ಕು ಗಂಟೆಯಂತೆ ನಾದಗೊಡುತ್ತದೆ. ತಿಂದುಹೋದ ಉಕ್ಕು ಹೆಂಟೆಯಂತೆ ಮಂಕಾಗಿ ಸದ್ದುಮಾಡುತ್ತದೆ. ಚಾಸಿ ಉದ್ದಕ್ಕೂ ಮಂಕಾಗಿದ್ದರೆ ಅಂಥ ಜೀಪಿಗೆ ಹಣ ಸುರಿಯುವುದು ತಳಹದಿ ಕುಸಿದ ಗೋಡೆಗೆ ಸುಣ್ಣ ಬಳಿದಂತೆ.

ಇಲ್ಲೊಂದು ಹಳೆಯ ಜಿಜ್ಞಾಸೆ ನೆನಪಾಗುತ್ತದೆ. ‘ಮಿಲಿಂದಪಞ್ಹ’ವೆಂಬ ಪಾಲಿ ಗ್ರಂಥದಲ್ಲಿ ನಾಗಸೇನ ಭಿಕ್ಷು ಮಿಲಿಂದರಾಜನನ್ನು, ಅಚ್ಚು ರಥವೋ, ಚಕ್ರ ರಥವೋ, ನೊಗ ರಥವೋ ಎಂದು ವಿಚಾರಿಸುತ್ತಾನೆ. ಎಲ್ಲ ಭಾಗಗಳನ್ನೂ ಬದಲಿಸಿದ ಮೇಲೆ ಅದು ತಂದೆಯ ಜೀಪಾಗಿ ಉಳಿಯುತ್ತದೆಯೇ ಎಂಬ ನಮ್ಮ ಮಿತ್ರರ ಕಳವಳವೂ ಅದೇ ಜಾತಿಯದು. ತತ್ತ್ವಜ್ಞರು ಏನೇ ಹೇಳಲಿ, ವ್ಯವಹಾರದಲ್ಲಿ ಚಾಸಿಯ ಮೇಲೆ ಕೆತ್ತಿದ ಸಂಖ್ಯೆಯೇ ವಾಹನದ ಗುರುತು. ಆ ಸಂಖ್ಯೆಯೂ ಎಂಜಿನ್ನಿನ ಸಂಖ್ಯೆಯೂ ನೋಂದಣಿ ಪತ್ರದೊಡನೆ ಹೊಂದಿಕೆಯಾಗಬೇಕು. ೧೯೮೮ರ ಮೋಟಾರು ವಾಹನ ಕಾಯಿದೆಯ ೫೨ನೆಯ ಪ್ರಕರಣದಂತೆ, ತಯಾರಕರು ನಮೂದಿಸಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸತಕ್ಕದ್ದಲ್ಲ. ೨೦೧೯ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿದಿದೆ. ಪೆಟ್ರೋಲ್ ಎಂಜಿನ್ನನ್ನು ತೆಗೆದು ಡೀಸೆಲ್ ಎಂಜಿನ್ನನ್ನು ಕೂರಿಸಿ, ದಪ್ಪ ಚಕ್ರ ಹಾಕಿ ಮೆರೆಯಬಯಸುವವರು ನೋಂದಣಿ ಅಧಿಕಾರಿಯ ಅನುಮತಿಯ ವಿಷಯವನ್ನು ಮೊದಲೇ ವಿಚಾರಿಸಿಕೊಳ್ಳುವುದು ಕ್ಷೇಮ.

ಖಾಸಗಿ ವಾಹನದ ನೋಂದಣಿ ಹದಿನೈದು ವರ್ಷಗಳ ಬಳಿಕ ತಪಾಸಣೆಗೆ ಒಳಪಟ್ಟು ಐದೈದು ವರ್ಷಕ್ಕೆ ನವೀಕರಣವಾಗಬೇಕು. ನಾಲ್ಕು ಚಕ್ರದ ಲಘು ವಾಹನಗಳಿಗೆ ಈ ಶುಲ್ಕವನ್ನು ೨೦೨೨ರ ಏಪ್ರಿಲಿನಿಂದ ೬೦೦ ರೂಪಾಯಿಗಳಿಂದ ೫,೦೦೦ ರೂಪಾಯಿಗಳಿಗೂ, ಇಪ್ಪತ್ತು ವರ್ಷ ಮೀರಿದವಕ್ಕೆ ೨೦೨೫ರಲ್ಲಿ ೧೦,೦೦೦ ರೂಪಾಯಿಗಳಿಗೂ ಏರಿಸಲಾಯಿತು. ಐವತ್ತು ವರ್ಷ ಮೀರಿ ಮೂಲರೂಪದಲ್ಲಿಯೇ ಉಳಿದ ವಾಹನಗಳಿಗೆ ೨೦೨೧ರ ನಿಯಮಗಳಂತೆ ಪಾರಂಪರಿಕ ವಾಹನವೆಂಬ ಪ್ರತ್ಯೇಕ ನೋಂದಣಿಯೂ ಉಂಟು. ಅದರ ಶುಲ್ಕ ೨೦,೦೦೦ ರೂಪಾಯಿ, ಅವಧಿ ಹತ್ತು ವರ್ಷ. ಆದರೆ ಅಂಥ ವಾಹನವನ್ನು ಪ್ರದರ್ಶನ, ಮೆರವಣಿಗೆ, ದುರಸ್ತಿ ಮೊದಲಾದ ಕಾರಣಗಳಿಗಲ್ಲದೆ ನಿತ್ಯದ ಸಂಚಾರಕ್ಕೆ ಬಳಸುವಂತಿಲ್ಲ. ಆಸ್ಪತ್ರೆಗೂ ಶಾಲೆಗೂ ಹೋಗಬೇಕಾದವರಿಗೆ ಈ ಗೌರವದಿಂದ ಪ್ರಯೋಜನವಿಲ್ಲ.

ಎಲ್ಲಕ್ಕಿಂತ ಮಿಗಿಲಾದ ವಿಚಾರ ಪ್ರಾಣರಕ್ಷಣೆಯದು. ಹಳೆಯ ಜೀಪಿನ ನಾಲ್ಕು ಬ್ರೇಕುಗಳಿಗೂ ಎಣ್ಣೆಯ ಒಂದೇ ಮಾರ್ಗ. ಒಂದೆಡೆ ಸೋರಿದರೆ ನಾಲ್ಕೂ ನಿಷ್ಫಲ. ಹಳ್ಳ ದಾಟಿದ ಮೇಲೆ ನೀರು ಹೊಕ್ಕ ಡ್ರಮ್ಮು ಬ್ರೇಕುಗಳು ಕೆಲಹೊತ್ತು ಹಿಡಿಯುವುದಿಲ್ಲ. ಹಿಂಭಾಗದಲ್ಲಿ ಅಡ್ಡಮುಖವಾಗಿ ಕುಳಿತವರಿಗೆ ಪಟ್ಟಿಯಿಲ್ಲ. ವಾಹನ ಮಗುಚಿದರೆ ತಲೆಯ ಮೇಲೆ ಇರುವುದು ಬಟ್ಟೆಯ ಹೊದಿಕೆ ಮಾತ್ರ. ನಾವು ಬಾಲ್ಯದಲ್ಲಿ ಅದರಲ್ಲಿ ಕುಳಿತು ಬದುಕಿ ಬಂದೆವೆಂಬುದು ವಾದವಾಗಲಾರದು. ಬದುಕಿ ಬಾರದವರು ವಾದಿಸಲು ಇಲ್ಲ. ೨೦೨೦ರಲ್ಲಿ ಹೊಸ ರೂಪದಲ್ಲಿ ಬಂದ ಥಾರ್ ವಾಹನ ಅದೇ ವರ್ಷದ ಗ್ಲೋಬಲ್ ಎನ್‌ಕ್ಯಾಪ್ ಅಪಘಾತ ಪರೀಕ್ಷೆಯಲ್ಲಿ ಐದಕ್ಕೆ ನಾಲ್ಕು ನಕ್ಷತ್ರಗಳನ್ನು ಪಡೆಯಿತು. ಗಾಳಿಚೀಲ, ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಬ್ರೇಕು ಇವೆಲ್ಲ ಅದರಲ್ಲುಂಟು. ೨೦೨೩ರಲ್ಲಿ ಬಂದ ಜಿಮ್ನಿಯೂ ಈ ವರ್ಗದ್ದೇ. ಇಳಿಗತಿಯ ತತ್ತ್ವ ಇವುಗಳಲ್ಲಿಯೂ ಹಳೆಯ ಜೀಪಿನದೇ. ಆದರೆ ಕೊಳ್ಳುವವರು ಒಂದು ವಿಷಯದಲ್ಲಿ ಎಚ್ಚರವಹಿಸಬೇಕು: ಥಾರಿನಲ್ಲಿ ೨೦೨೩ರಿಂದ ಹಿಂದಿನ ಎರಡು ಚಕ್ರಗಳಿಗೆ ಮಾತ್ರ ಬಲವಿರುವ ಮಾದರಿಗಳೂ ಬಂದಿವೆ. ಹೆಸರನ್ನು ನೋಡಿ ಕೊಂಡು ಮಳೆಗಾಲದಲ್ಲಿ ಪರಿತಪಿಸಬಾರದು.

ಹಾಗಾದರೆ ಹೊಸದರಲ್ಲಿ ದೋಷವಿಲ್ಲವೇ? ಉಂಟು. ಹಳೆಯ ಜೀಪು ಸುಮಾರು ಒಂದು ಟನ್ನಿನ ಹಗುರ ವಾಹನ. ಹೊಸ ಥಾರ್ ಒಂದೂವರೆ ಟನ್ನಿಗೂ ಮೀರಿದ್ದು. ಹಳೆಯದನ್ನು ಹಳ್ಳಿಯ ಮೇಸ್ತ್ರಿ ನಾಲ್ಕು ಸ್ಪ್ಯಾನರಿನಿಂದ ಬಿಚ್ಚಿ ಕಟ್ಟಬಲ್ಲ. ಹೊಸದರ ವಿದ್ಯುನ್ಮಾನ ಕೆಟ್ಟರೆ ಪೇಟೆಯ ಸೇವಾಕೇಂದ್ರವೇ ಗತಿ. ಆದರೆ ಹಳೆಯದಕ್ಕೂ ಹೊಸ ಕಾಲದ ತೊಡಕು ಬಂದಿದೆ. ಈಗ ದೇಶದಲ್ಲಿ ಸಾಮಾನ್ಯವಾಗಿ ದೊರೆಯುವ ಪೆಟ್ರೋಲಿನಲ್ಲಿ ಶೇಕಡಾ ಇಪ್ಪತ್ತರವರೆಗೆ ಎಥೆನಾಲ್ ಬೆರೆತಿರುತ್ತದೆ. ಹಳೆಯ ರಬ್ಬರಿನ ಕೊಳವೆ, ಪೊರೆಗಳು ಅದನ್ನು ತಡೆಯಲಾರವು. ಅವನ್ನು ತಕ್ಕ ವಸ್ತುವಿನಿಂದ ಬದಲಿಸಬೇಕು. ಹೆಚ್ಚು ಕಾಲ ನಿಲ್ಲಿಸಿದರೆ ಇಂಧನ ನೀರನ್ನು ಹೀರಿ ಟಾಕಿಗೆ ತುಕ್ಕು ತರುತ್ತದೆ.

ಇಷ್ಟೆಲ್ಲ ಪರಿಶೀಲಿಸಿದ ಮೇಲೂ ಉಳಿಯುವ ಪ್ರಶ್ನೆಯೊಂದಿದೆ. ಅದೇ ಶಾಸನಗಳು ಕಲಿಸಿದ ಪಾಠ. ಜೀರ್ಣೋದ್ಧಾರ ಒಂದು ದಿನದ ಕಾರ್ಯವಲ್ಲ, ಒಂದು ವ್ಯವಸ್ಥೆ. ದುರಸ್ತಿಯ ಅಂದಾಜನ್ನು ಭಾಗಭಾಗವಾಗಿ ಬರೆಯಿಸಿಕೊಂಡು, ಅದರ ಮೇಲೆ ಮೂರನೆಯ ಒಂದು ಪಾಲನ್ನು ಮೀಸಲಿಡಬೇಕು. ಏಕೆಂದರೆ ಬಿಚ್ಚಿದ ಮೇಲೆ ಕಾಣುವ ದೋಷಗಳು ಬಿಚ್ಚುವ ಮೊದಲು ಲೆಕ್ಕಕ್ಕೆ ಸಿಗುವುದಿಲ್ಲ. ಅದರ ತರುವಾಯ ವರ್ಷವರ್ಷದ ವೆಚ್ಚಕ್ಕೆ ಆದಾಯದಲ್ಲಿ ಒಂದು ಪಾಲು, ಅದನ್ನು ವಾರಕ್ಕೊಮ್ಮೆ ನಡೆಸಿ ಎಣ್ಣೆ ನೋಡುವ ಒಂದು ಕೈ, ಇವೆರಡೂ ಇರಬೇಕು. ದತ್ತಿಯ ಭೂಮಿಯೂ ಇಲ್ಲದೆ, ನೋಡಿಕೊಳ್ಳುವವನೂ ಇಲ್ಲದೆ ಎತ್ತಿ ನಿಲ್ಲಿಸಿದ್ದು ಮತ್ತೆ ಬೀಳುತ್ತದೆ.

ನಮ್ಮ ಮಿತ್ರರ ಜೀಪಿನ ಚಾಸಿಯನ್ನು ತಟ್ಟಿದಾಗ ಬಹುಮಟ್ಟಿಗೆ ಗಂಟೆಯ ನಾದವೇ ಬಂತು. ಸರಿಪಡಿಸಲು ಅದು ಯೋಗ್ಯವೇ ಆಗಿತ್ತು. ಆದರೆ ಮೂವತ್ತು ವರ್ಷ ಅದನ್ನು ನೋಡಿಕೊಂಡ ಚಾಲಕ ತೀರಿಕೊಂಡಿದ್ದ. ಇವರಿಗೆ ಬೇಕಾದದ್ದು ಬೆಳಗ್ಗೆ ತಪ್ಪದೆ ಹೊರಡುವ, ತಾಯಿಯನ್ನೂ ಮಗಳನ್ನೂ ನಂಬಿ ಕೂರಿಸಬಹುದಾದ ವಾಹನ. ನಾನು ಹೇಳಿದ್ದು ಇಷ್ಟೆ: “ಮನೆಯವರನ್ನು ಒಯ್ಯುವುದಕ್ಕೆ ಹೊಸತು, ತಂದೆಯದನ್ನು ನೋಡಿಕೊಳ್ಳುವವರಿಗೆ ಕೊಡಿ. ಮಾಡಿನಲ್ಲಿ ತುಕ್ಕು ಹಿಡಿಸುವುದು ಮಾತ್ರ ಭಕ್ತಿಯಲ್ಲ.” ಅವರು ಬಹಳ ಹೊತ್ತು ಸುಮ್ಮನಿದ್ದರು. ಬಳಿಕ ನಾಲ್ಕು ವರ್ಷ ಹಳೆಯದಾದ, ನಾಲ್ಕೂ ಚಕ್ರಗಳಿಗೆ ಬಲವಿರುವ ವಾಹನವೊಂದನ್ನು ಪರೀಕ್ಷಿಸಿ ಕೊಂಡರು; ಹೊಸತರ ಬೆಲೆಯ ಸಾಲವೂ ತಪ್ಪಿತು. ತಂದೆಯ ಜೀಪನ್ನು ಪಕ್ಕದ ಊರಿನ ತರುಣ ಮೇಸ್ತ್ರಿಯೊಬ್ಬನಿಗೆ ಅಲ್ಪ ಬೆಲೆಗೆ ಕೊಟ್ಟು, ಪತ್ರಗಳನ್ನೂ ವರ್ಗಾಯಿಸಿದರು.

ಈ ಬೇಸಿಗೆಯಲ್ಲಿ ಅವರು ಮತ್ತೆ ಬಂದಿದ್ದಾಗ ಆ ಜೀಪು ಓಡುತ್ತಿದೆಯೆಂದು ತಿಳಿಸಿದರು. ಮೇಸ್ತ್ರಿ ಅದರ ಮೂತಿಯ ಒಳಬದಿಯಲ್ಲಿ ಇವರ ತಂದೆ ೧೯೭೨ರಲ್ಲಿ ಬರೆಸಿದ್ದ ಹೆಸರನ್ನು ಅಳಿಸದೆ ಹಾಗೆಯೇ ಬಿಟ್ಟಿದ್ದಾನಂತೆ.