ಭೂಮಿ ಹರಾಜಿಗಿಟ್ಟ ಕಮ್ಯುನಿಸ್ಟ್ ಸರ್ಕಾರ

1987ರ ಡಿಸೆಂಬರ್ 1. ಚೀನಾದ ಶೆನ್‌ಜೆನ್ ನಗರದಲ್ಲಿ ಸರ್ಕಾರ ಒಂದು ನಿವೇಶನವನ್ನು ಹರಾಜಿಗಿಟ್ಟಿತು. ವಿಸ್ತೀರ್ಣ 8,588 ಚದರ ಮೀಟರ್, ಅಂದರೆ ಎರಡು ಎಕರೆಗಿಂತ ತುಸು ಹೆಚ್ಚು. ಮಾರಾಟಕ್ಕಿದ್ದದ್ದು ನೆಲವಲ್ಲ, 50 ವರ್ಷ ಅದನ್ನು ಬಳಸುವ ಹಕ್ಕು. 20 ಲಕ್ಷ ಯುವಾನ್‌ಗೆ ಶುರುವಾದ ಸವಾಲು 52.5 ಲಕ್ಷಕ್ಕೆ ನಿಂತಿತು. ಗೆದ್ದದ್ದು ಒಂದು ಸರ್ಕಾರಿ ರಿಯಲ್ ಎಸ್ಟೇಟ್ ಕಂಪನಿ. ಮಾರಿದ್ದೂ ಸರ್ಕಾರ, ಕೊಂಡದ್ದೂ ಸರ್ಕಾರದ್ದೇ ಕಂಪನಿ!

ಭೂಮಿಯನ್ನು ಯಾರೂ ಮಾರಕೂಡದು, ಗುತ್ತಿಗೆಗೂ ಕೊಡಕೂಡದು ಎಂದು ಆಗಿನ ಚೀನಾ ಸಂವಿಧಾನ ಸ್ಪಷ್ಟವಾಗಿ ಹೇಳುತ್ತಿತ್ತು. ಅದಕ್ಕೆ ತಿದ್ದುಪಡಿ ಬಂದದ್ದು 1988ರ ಏಪ್ರಿಲ್‌ನಲ್ಲಿ, ಹರಾಜು ಮುಗಿದ ನಾಲ್ಕು ತಿಂಗಳ ಮೇಲೆ.

ಮಾರುಕಟ್ಟೆ ಬಂತೆಂದರೆ ಸರ್ಕಾರ ಬದಿಗೆ ಸರಿಯಿತು ಎಂದುಕೊಳ್ಳುವುದು ವಾಡಿಕೆ. ಚೀನಾದ ಮಟ್ಟಿಗೆ ಅದು ಅರ್ಧ ಸತ್ಯವೂ ಅಲ್ಲ. 1978ರ ನಂತರ ಡೆಂಗ್ ಶಿಯಾವೊಪಿಂಗ್ ಆಡಳಿತ ಬೇಸಾಯವನ್ನು ರೈತ ಕುಟುಂಬಗಳಿಗೆ ಬಿಟ್ಟಿತು, ಬೆಲೆಗಳನ್ನು ಹಂತಹಂತವಾಗಿ ಸಡಿಲಿಸಿತು, 1980ರಲ್ಲಿ ಶೆನ್‌ಜೆನ್ ಸೇರಿ ನಾಲ್ಕು ವಿಶೇಷ ಆರ್ಥಿಕ ವಲಯಗಳನ್ನು ತೆರೆಯಿತು. ಆದರೆ ಬ್ಯಾಂಕುಗಳನ್ನೂ ನಗರದ ನೆಲವನ್ನೂ ಕೈಬಿಡಲಿಲ್ಲ.

ನೆಲದ ಆಟ ಬಿರುಸಾದದ್ದು 1994ರ ತೆರಿಗೆ ಸುಧಾರಣೆಯ ನಂತರ. ಮೌಲ್ಯವರ್ಧಿತ ತೆರಿಗೆಯ ಶೇ. 75ರಷ್ಟನ್ನು ಬೀಜಿಂಗ್ ತನ್ನದಾಗಿಸಿಕೊಂಡಿತು; ಶಾಲೆ, ಆಸ್ಪತ್ರೆ, ರಸ್ತೆಗಳ ಖರ್ಚು ಮಾತ್ರ ಸ್ಥಳೀಯ ಸರ್ಕಾರಗಳ ಹೆಗಲ ಮೇಲೆಯೇ ಉಳಿಯಿತು. ಖಾಲಿ ಬೊಕ್ಕಸ ತುಂಬಲು ಅವಕ್ಕೆ ಸಿಕ್ಕ ದಾರಿಯೇ ಭೂಮಿ. ಹಳ್ಳಿಗಳ ಸಾಮೂಹಿಕ ಜಮೀನನ್ನು ಬೆಳೆಯ ಇಳುವರಿಯ ಲೆಕ್ಕದಲ್ಲಿ ಪರಿಹಾರ ಕೊಟ್ಟು ವಶಪಡಿಸಿಕೊಳ್ಳುವುದು, ಕಾರ್ಖಾನೆಗಳನ್ನು ಸೆಳೆಯಲು ಅಗ್ಗಕ್ಕೆ ಕೊಡುವುದು, ಮನೆ ಕಟ್ಟುವ ಬಿಲ್ಡರುಗಳಿಗೆ ದುಬಾರಿ ಬೆಲೆಗೆ ಹರಾಜು ಹಾಕುವುದು. ಅದೇ ಭೂಮಿಯನ್ನು ಅಡವಿಟ್ಟು ತಂದ ಸಾಲದಲ್ಲಿ ಹೆದ್ದಾರಿ, ಸೇತುವೆ, ಮೆಟ್ರೊ ಎದ್ದವು. ಕರ್ನಾಟಕದಲ್ಲೂ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ (ಕೆಐಎಡಿಬಿ) ರೈತರ ಜಮೀನನ್ನು ಸ್ವಾಧೀನಪಡಿಸಿಕೊಂಡು ಕೈಗಾರಿಕೆಗೆ ಕೊಡುತ್ತದೆ. ಆದರೆ ಇಲ್ಲಿನ ರೈತ ತನ್ನ ಹೊಲದ ಮಾಲೀಕ, ಕೋರ್ಟಿಗೆ ಹೋಗಿ ವರ್ಷಗಟ್ಟಲೆ ಜಗ್ಗಬಲ್ಲ. ಚೀನಾದ ಹಳ್ಳಿಗನಿಗೆ ಆ ಬಲವಿರಲಿಲ್ಲ; ಅಲ್ಲಿನ ವೇಗದ ಗುಟ್ಟಿನಲ್ಲಿ ಇದರ ಪಾಲು ದೊಡ್ಡದು.

ಆ ವೇಗದ ಬೆಲೆ ತೆತ್ತವರು ಹಳ್ಳಿಯವರು. 2011ರಲ್ಲಿ ಗುವಾಂಗ್‌ಡಾಂಗ್ ಪ್ರಾಂತ್ಯದ ವುಕಾನ್ ಗ್ರಾಮದ ಜನ ಜಮೀನು ಮಾರಾಟದ ವಿರುದ್ಧ ದಂಗೆಯೆದ್ದು ಅಧಿಕಾರಿಗಳನ್ನೇ ಊರಾಚೆ ಅಟ್ಟಿದ್ದರು.

ಸ್ಥಳೀಯ ಸರ್ಕಾರಗಳ ಈ ಲೆಕ್ಕಾಚಾರವೆಲ್ಲ ನಿಂತದ್ದು ಭೂಮಿಯ ಬೆಲೆ ಏರುತ್ತಲೇ ಇರುತ್ತದೆಂಬ ನಂಬಿಕೆಯ ಮೇಲೆ. 2021ರಲ್ಲಿ ಭೂಮಿ ಹಕ್ಕಿನ ಮಾರಾಟದಿಂದ ಸ್ಥಳೀಯ ಸರ್ಕಾರಗಳಿಗೆ ಸುಮಾರು 8.7 ಲಕ್ಷ ಕೋಟಿ ಯುವಾನ್ ಬಂದಿತ್ತು. ಅದೇ ವರ್ಷ ದೈತ್ಯ ಬಿಲ್ಡರ್ ಎವರ್‌ಗ್ರಾಂಡ್ ಸಾಲ ತೀರಿಸಲಾಗದೆ ಕುಸಿಯಿತು. ಬಿಲ್ಡರುಗಳು ಹರಾಜಿನತ್ತ ಸುಳಿಯುವುದನ್ನೇ ಕಡಿಮೆ ಮಾಡಿದರು. 2023ರ ಹೊತ್ತಿಗೆ ಆ ಆದಾಯ 5.8 ಲಕ್ಷ ಕೋಟಿಗೆ ಇಳಿದಿತ್ತು. 2024ರ ನವೆಂಬರ್‌ನಲ್ಲಿ, ಸ್ಥಳೀಯ ಸರ್ಕಾರಗಳ ಗುಪ್ತ ಸಾಲದ ಹೊರೆ ಇಳಿಸಲು ಬೀಜಿಂಗ್ 10 ಲಕ್ಷ ಕೋಟಿ ಯುವಾನ್‌ಗಳ ಯೋಜನೆ ಪ್ರಕಟಿಸಬೇಕಾಯಿತು.