ತೆರೆದ ಬೆನ್ನಿನ ಹೆಡ್‌ಫೋನು

1968ರಲ್ಲಿ ಜರ್ಮನಿಯ ಹ್ಯಾನೋವರ್ ನಗರಕ್ಕೆ ಸಮೀಪದ ವೆನ್ನೆಬೋಸ್ಟೆಲ್ ಎಂಬ ಊರಿನಿಂದ ಸೆನ್‌ಹೈಸರ್ ಸಂಸ್ಥೆಯವರು ಎಚ್‌ಡಿ 414 ಎಂಬ ಹೆಡ್‌ಫೋನನ್ನು ಹೊರತಂದಾಗ, ಅದನ್ನು ಕಂಡವರು ಆಟಿಕೆಯೆಂದು ಬಗೆದಿದ್ದರೆ ಅಚ್ಚರಿಪಡಬೇಕಾದುದಿಲ್ಲ. ಏಕೆಂದರೆ ಅಂದಿನ ಉತ್ತಮ ಹೆಡ್‌ಫೋನುಗಳು ಸಾಮಾನ್ಯವಾಗಿ ಕಿವಿಯನ್ನು ಬಿಗಿಯಾಗಿ ಮುಚ್ಚಿ, ಅರ್ಧ ತಾಸಿನಲ್ಲಿ ಕೆನ್ನೆಯವರೆಗೂ ಬೆವರಿಳಿಸುವ ಭಾರವಾದ ಬಟ್ಟಲುಗಳಾಗಿದ್ದುವು. ಇದಾದರೋ ಸುಮಾರು 135 ಗ್ರಾಂ ತೂಕದ್ದು. ಕಿವಿಯನ್ನು ಸುತ್ತುವರಿಯದೆ ಅದರ ಮೇಲೆ ಹಗುರವಾಗಿ ಕೂರುವಂಥದು. ಬೆನ್ನೆಲ್ಲ ರಂಧ್ರಮಯ, ಮುಂದೆ ಹಳದಿ ಸ್ಪಂಜು. ಆ ಆಟಿಕೆಯೇ ಮುಂದೆ ಒಂದು ಕೋಟಿಗೂ ಮೀರಿ ಮಾರಾಟವಾಯಿತು. ಅದನ್ನು ದಶಕಗಳ ಕಾಲ ಬಳಸಿದವರು, ಅದು ಕೈಕೊಟ್ಟಾಗ ಅಂತಹುದೇ ಮತ್ತೊಂದು ದೊರೆಯದೆ ಚಡಪಡಿಸುವುದು ಸಹಜವೇ ಆಗಿದೆ.

ಹೆಡ್‌ಫೋನಿನೊಳಗೆ ಅಯಸ್ಕಾಂತದ ಕ್ಷೇತ್ರದಲ್ಲಿ ತೂಗುವ ತಂತಿಯ ಸುರುಳಿಯೊಂದು ತೆಳುವಾದ ಪೊರೆಯನ್ನು ಕಂಪಿಸುವಂತೆ ಮಾಡುತ್ತದೆ. ಪೊರೆ ಮುಂದಕ್ಕೆ ಸರಿದಾಗ ಕಿವಿಯ ಕಡೆಯ ಗಾಳಿ ಒತ್ತಲ್ಪಡುತ್ತದೆ, ಅದೇ ಕ್ಷಣದಲ್ಲಿ ಹಿಂಬದಿಯ ಗಾಳಿ ಸಡಿಲಗೊಳ್ಳುತ್ತದೆ. ಅಂದರೆ ಪ್ರತಿಯೊಂದು ಸ್ವರಕ್ಕೂ ಬೆನ್ನ ಕಡೆಯಲ್ಲಿ ಅದಕ್ಕೆ ತದ್ವಿರುದ್ಧವಾದ ಅಲೆಯೊಂದು ಹುಟ್ಟುತ್ತದೆ. ಬೆನ್ನನ್ನು ಮುಚ್ಚಿದರೆ ಈ ಹಿಂಬದಿಯ ಅಲೆ ಬಟ್ಟಲಿನ ಗೋಡೆಗೆ ಬಡಿದು ಮರಳಿ ಪೊರೆಯನ್ನೇ ಅಲುಗಿಸುವುದರಿಂದ, ಗಾಯಕನು ಕೊಡದೊಳಗೆ ಮುಖವಿಟ್ಟು ಹಾಡಿದಂತಹ ಒಂದು ಮಬ್ಬು ಕಂಠಕ್ಕೆ ಅಂಟಿಕೊಳ್ಳುತ್ತದೆ. ನಿಪುಣರಾದ ತಯಾರಕರು ಇದನ್ನು ಬಹುಮಟ್ಟಿಗೆ ತಗ್ಗಿಸಬಲ್ಲರೆಂಬುದು ನಿಜ. ಆದರೆ ತೆರೆದ ಬೆನ್ನಿನಲ್ಲಿ ಆ ಅಲೆ ಹೊರಗೆ ಹೋಗಿಯೇಬಿಡುವುದರಿಂದ, ತಂಬೂರಿಯ ಮೀಟಿನ ಅನಂತರ ಅರಳುವ ಉಪಸ್ವರಗಳು ಅಡೆತಡೆಯಿಲ್ಲದೆ ಕೇಳಿಸುತ್ತವೆ.

ಈ ನಿರಾಳತೆಗೆ ತೆರುವ ಬೆಲೆಯೂ ಇದೆ. 50 ಹರ್ಟ್ಸ್‌ನ ಮಂದ್ರ ಸ್ವರದ ತರಂಗ ಸುಮಾರು ಏಳು ಮೀಟರ್ ಉದ್ದವಾದುದರಿಂದ, ಹಿಂಬದಿಯ ಅಲೆಯು ಪೊರೆಯ ಅಂಚನ್ನು ಬಳಸಿಬಂದು ಮುಂಬದಿಯ ಅಲೆಯನ್ನು ಸುಲಭವಾಗಿ ಅಳಿಸುತ್ತದೆ. ಸ್ಪಂಜಿನ ಸಂದುಗಳಿಂದ ಮಂದ್ರ ಮತ್ತಷ್ಟು ಸೋರಿಹೋಗುತ್ತದೆ. ಇಲ್ಲಿ ಸ್ಪಂಜು ಕೇವಲ ಮೆತ್ತೆಯಲ್ಲ: ಪೊರೆಗೂ ಕಿವಿಗೂ ನಡುವಣ ಅಂತರವನ್ನು ನಿಶ್ಚಯಿಸುವುದು ಅದೇ. ಅದು ಹಳತಾಗಿ ಚಪ್ಪಟೆಯಾದರೆ ಪೊರೆ ಕಿವಿಗೆ ಹತ್ತಿರವಾಗಿ, ಮಂದ್ರ ಉಬ್ಬಿ, ಹಿಂದಿನ ಹರವು ಕುಗ್ಗುತ್ತದೆ. ಪಾಲಿಯುರಿಥೇನ್ ಸ್ಪಂಜು ಗಾಳಿಯ ತೇವದಿಂದ ವಿಘಟಿತವಾಗುವ ವಸ್ತು. ಮುಟ್ಟಿದೊಡನೆ ಬೆರಳಿಗೆ ಅಂಟುಪುಡಿಯಾಗಿ ಬರುವ ಹಳೆಯ ಮೆತ್ತೆಯ ಮೂಲಕ ಕೇಳಿ, ಯಂತ್ರವೇ ಕೆಟ್ಟಿತೆಂದು ತೀರ್ಮಾನಿಸುವುದು ಅವಸರವೆಂದು ನನಗನಿಸುತ್ತದೆ.

ಹೊಸದನ್ನೇ ಕೊಳ್ಳಬೇಕಾದಲ್ಲಿ, ಕಿವಿಯ ಮೇಲೆ ಕೂರುವ ತೆರೆದ ಬೆನ್ನಿನವುಗಳ ಪೈಕಿ ಇಂದಿಗೂ ಸಿಗುವ ಎರಡನ್ನು ಹೆಸರಿಸಬಹುದು: 1984ರಿಂದ ಹೆಚ್ಚು ಮಾರ್ಪಾಡಿಲ್ಲದೆ ಬರುತ್ತಿರುವ, ಅಮೆರಿಕದ ಕಾಸ್ ಸಂಸ್ಥೆಯ ಪೋರ್ಟಾ ಪ್ರೋ, ಬ್ರೂಕ್ಲಿನ್‌ನ ಗ್ರಾಡೋ ಮನೆತನದ ಎಸ್‌ಆರ್ 60ರ ಸಂತತಿ. ಮೊದಲನೆಯದರಲ್ಲಿ ಮಂದ್ರ ತುಸು ಹೆಚ್ಚು, ಎರಡನೆಯದರಲ್ಲಿ ತಾರಸ್ವರಗಳ ಹೊಳಪು ಹೆಚ್ಚು; ಹಳೆಯ ಜರ್ಮನ್ ಸ್ವಭಾವಕ್ಕೆ ಎರಡನೆಯದೇ ಸಮೀಪವೆಂದು ನನ್ನ ಎಣಿಕೆ. ಅಂಗಡಿಯಲ್ಲಿ ಯಾವುದನ್ನೇ ಧರಿಸಿದರೂ, ಪರಿಚಿತ ಕಂಠವೊಂದನ್ನು ಕೇಳುತ್ತ ಅಂಗೈಗಳನ್ನು ಬೆನ್ನಿನ ಜಾಲರಿಯ ಮೇಲೆ ಮೆಲ್ಲನೆ ತರಬೇಕು. ಧ್ವನಿಯ ಬಣ್ಣ ಒಡನೆಯೇ ಬದಲಾದರೆ ಬೆನ್ನು ನಿಜಕ್ಕೂ ತೆರೆದದ್ದು, ಬದಲಾಗದಿದ್ದರೆ ಆ ಜಾಲರಿ ಬರಿಯ ಅಲಂಕಾರ.

ವಿದ್ಯುತ್ತಿನ ಲೆಕ್ಕವನ್ನೂ ಮರೆಯಲಾಗದು. 1968ರ ಎಚ್‌ಡಿ 414ರ ಇಂಪೀಡೆನ್ಸ್, ಎಂದರೆ ವಿದ್ಯುತ್ತಿಗೆ ಒಡ್ಡುವ ತಡೆ, 2000 ಓಮ್, ಗ್ರಾಡೋದ ಮೂಲ ಎಸ್‌ಆರ್ 60ರದು 32. ಒಂದು ವೋಲ್ಟಿಗೆ ಮೊದಲನೆಯದು ಅರ್ಧ ಮಿಲಿವ್ಯಾಟ್ ಹೀರಿದರೆ ಎರಡನೆಯದು 31 ಮಿಲಿವ್ಯಾಟ್ ಹೀರುತ್ತದೆ. ಹಳೆಯ ಆಂಪ್ಲಿಫೈಯರುಗಳಲ್ಲಿ ಹೆಡ್‌ಫೋನಿನ ದಾರಿಗೆ ನೂರಾರು ಓಮ್‌ಗಳ ರೋಧಕವನ್ನು ಅಡ್ಡವಿಡುವ ವಾಡಿಕೆಯಿದ್ದಿತು. 2000 ಓಮ್‌ನ ಯಂತ್ರಕ್ಕೆ ಅದು ಲೆಕ್ಕಕ್ಕಿಲ್ಲ, ಆದರೆ 32 ಓಮ್‌ನದರ ಮಂದ್ರ ಅಲ್ಲಿ ಸಡಿಲಗೊಂಡು ಊದಿಕೊಳ್ಳಬಹುದು. ಹೊಸದು ರುಚಿಸಲಿಲ್ಲವೆಂಬ ದೂರಿಗೆ ಎಷ್ಟೋ ವೇಳೆ ಕಾರಣ ಹೆಡ್‌ಫೋನಲ್ಲ, ಅದನ್ನು ಜೋಡಿಸಿದ ಪೆಟ್ಟಿಗೆ.

ಆದುದರಿಂದ ಹಳೆಯದನ್ನು ಎಸೆಯುವ ಮುನ್ನ ಮಲ್ಟಿಮೀಟರಿನಿಂದ ಎರಡೂ ಬದಿಯ ಸುರುಳಿಗಳನ್ನು ಅಳೆಯುವುದು ಉಚಿತ. ಎರಡೂ ಅಂಕಿಗಳು ಹೆಚ್ಚುಕಡಿಮೆ ಸಮನಾಗಿದ್ದರೆ ಸುರುಳಿಗಳು ಜೀವಂತವಾಗಿವೆ, ಹೊಸ ಸ್ಪಂಜು ಸಾಕಾದೀತು. ಒಂದು ಬದಿ ಏನನ್ನೂ ತೋರದಿದ್ದರೆ ಮೊದಲು ಕೇಬಲನ್ನು ಬದಲಿಸಿ ನೋಡಬೇಕು. ಎಚ್‌ಡಿ 414ರಲ್ಲಿ ಅದನ್ನು ಬೆಸುಗೆಯಿಲ್ಲದೆ ಕಳಚಬಹುದು.