ಗಡಿಯಂಚಿನ ಊರುಗಳು ಕೊಟ್ಟ ಲೆಕ್ಕ

ಹೊಸ ಔಷಧಿಯ ಗುಣವನ್ನರಿಯಲು ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಔಷಧಿ ಕೊಟ್ಟು, ಇನ್ನೊಂದಕ್ಕೆ ಕೊಡದೆ ಹೋಲಿಸುವುದು ವೈದ್ಯಲೋಕದ ಪದ್ಧತಿ. ಆದರೆ ಸರಕಾರವೇ ಬಡವರಿಗೆ ಉಚಿತ ಚಿಕಿತ್ಸೆಯ ಯೋಜನೆ ತಂದಾಗ ಚೀಟಿ ಎತ್ತುವವರು ಯಾರು? ಅಂಥ ಯೋಜನೆಯಲ್ಲಿ ಹಳ್ಳಿಯ ತಪಾಸಣಾ ಶಿಬಿರ, ದೂರದ ನಗರದ ಆಸ್ಪತ್ರೆ, ದಾರಿ ತೋರುವ ಆರೋಗ್ಯಮಿತ್ರ, ಹಣ ತೆರುವ ಟ್ರಸ್ಟ್ ಎಲ್ಲವೂ ಹೆಣೆದುಕೊಂಡಿರುತ್ತವೆ. ಇಷ್ಟು ಶಸ್ತ್ರಚಿಕಿತ್ಸೆಗಳಾದವು ಎಂಬ ಅಂಕಿಯಿಂದ ಜೀವ ಉಳಿಯಿತೇ ಎಂಬುದು ತಿಳಿಯದು. (ನಮ್ಮ ಸೇವಾಸಂಸ್ಥೆಗಳ ವಾರ್ಷಿಕ ವರದಿಗಳೂ ಇಂಥ ಅಂಕಿಗಳಿಂದಲೇ ತುಂಬಿರುತ್ತವೆ!)

ಕರ್ನಾಟಕದ ವಾಜಪೇಯಿ ಆರೋಗ್ಯಶ್ರೀ ಯೋಜನೆ ಇದಕ್ಕೊಂದು ದಾರಿ ತೆರೆಯಿತು. ಬಡತನ ರೇಖೆಗಿಂತ ಕೆಳಗಿನವರಿಗೆ ಹೃದ್ರೋಗ, ಕ್ಯಾನ್ಸರ್ ಮುಂತಾದವುಗಳ ಉನ್ನತ ಚಿಕಿತ್ಸೆಯನ್ನು ಉಚಿತವಾಗಿ ಒದಗಿಸಿದ ಈ ಯೋಜನೆ 2010ರ ಫೆಬ್ರವರಿಯಲ್ಲಿ ಆರಂಭವಾಯಿತು. 2012ರ ಆಗಸ್ಟ್‌ವರೆಗೆ ಅದು ಉತ್ತರದ ವಿಭಾಗಗಳಿಗೆ ಮಾತ್ರ ಸೀಮಿತವಾಗಿತ್ತು. ಗಡಿಯ ಆಚೆ ಈಚೆಯ ಹಳ್ಳಿಗಳಲ್ಲಿ ಮಣ್ಣು, ಬೆಳೆ, ಬದುಕು ಒಂದೇ ಬಗೆಯವು. ಸೌಲಭ್ಯ ಮಾತ್ರ ಒಂದು ಬದಿಗೆ. ನೀರಜ್ ಸೂದ್ ಮತ್ತು ಸಂಗಡಿಗರು ಯೋಜನೆಯಿದ್ದ 300 ಹಾಗೂ ಇಲ್ಲದ 272 ನೆರೆಹಳ್ಳಿಗಳಲ್ಲಿ ಒಟ್ಟು ಸುಮಾರು 60 ಸಾವಿರ ಕುಟುಂಬಗಳನ್ನು ಸಮೀಕ್ಷಿಸಿ, 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಫಲಿತಾಂಶ ಪ್ರಕಟಿಸಿದರು.

ಯೋಜನೆಯ ವ್ಯಾಪ್ತಿಗೆ ಬರುವಂಥ ಕಾಯಿಲೆಗಳಿಂದ ಬಡ ಕುಟುಂಬಗಳಲ್ಲಿ ಸಂಭವಿಸಿದ ಮರಣದ ಪ್ರಮಾಣ ಗಡಿಯ ಉತ್ತರಕ್ಕೆ ಶೇಕಡಾ 0.32, ದಕ್ಷಿಣಕ್ಕೆ ಶೇಕಡಾ 0.90. ಎರಡು ಬದಿಯ ಹಳ್ಳಿಗಳಲ್ಲೇ ಬೇರೇನೋ ವ್ಯತ್ಯಾಸವಿದ್ದಿರಬಾರದೇಕೆ ಎಂಬ ಸಂದೇಹ ಸಹಜ. ಅದಕ್ಕೂ ಅವರಲ್ಲಿ ಉತ್ತರವಿತ್ತು. ಅದೇ ಊರುಗಳಲ್ಲಿದ್ದು ಯೋಜನೆಗೆ ಸೇರದ, ಬಡತನ ರೇಖೆಗಿಂತ ಮೇಲಿನ ಕುಟುಂಬಗಳನ್ನೂ ಅವರು ಲೆಕ್ಕಕ್ಕೆ ತೆಗೆದುಕೊಂಡಿದ್ದರು. ಅಲ್ಲಿ ಪ್ರಮಾಣ ಶೇಕಡಾ 0.56 ಮತ್ತು 0.55, ವ್ಯತ್ಯಾಸವೇ ಇಲ್ಲ. ಅಧ್ಯಯನದ ನಿಜವಾದ ಬಲ ಇರುವುದು ಇಲ್ಲಿಯೇ ಎಂದು ನನಗನಿಸುತ್ತದೆ.

ಆದರೂ ಒಂದು ಮುಳ್ಳು ಉಳಿಯುತ್ತದೆ. ಇಂಥ ಚಿಕಿತ್ಸೆಗಾಗಿ ಬಡವರು ಕೈಯಿಂದ ತೆರುವ ಹಣ ಶೇಕಡಾ 64ರಷ್ಟು ತಗ್ಗಿತಾದರೂ, ಆಸ್ಪತ್ರೆಯ ಬಳಕೆ ಹೆಚ್ಚಿತೆಂದು ಖಚಿತವಾಗಿ ಹೇಳಲು ಅಂಕಿಅಂಶಗಳು ಸಾಲಲಿಲ್ಲ. ಬಳಕೆ ಹೆಚ್ಚದೆ ಸಾವು ಇಷ್ಟೊಂದು ಇಳಿದದ್ದು ಹೇಗೆ? ಗಡಿಯಂಚಿನ ಈ ಲೆಕ್ಕ ಬೀದರಿನ ಹಳ್ಳಿಗೂ ಒಪ್ಪುತ್ತದೆಯೆಂದು ಹೇಳಲೂ ಬಾರದು. 2012ರಲ್ಲಿ ಯೋಜನೆ ದಕ್ಷಿಣಕ್ಕೂ ಬಂದಿತು. ಬಡವರಿಗೆ ಒಳಿತಾಯಿತು, ಹೋಲಿಸಿ ನೋಡಲು ಇದ್ದ ಆ ಗಡಿ ಮಾತ್ರ ಅಳಿಸಿಹೋಯಿತು.